ಆಲ್ಫಾಮಾ ನೋಡೋಕೆ ಟ್ರಾಮ್ ಸಾಕಾ?

ಪೋರ್ಚುಗಲ್‌ನ ಲಿಸ್ಬನ್‌ನಲ್ಲಿ ಅರ್ಧ ದಿನ ಮಾತ್ರ ಇದೆ, 28ನೇ ನಂಬರ್ ಟ್ರಾಮ್‌ನಲ್ಲಿ ಕೂತು ಅಲ್ಲಿನ ಹಳೆಯ ಬಡಾವಣೆ ಆಲ್ಫಾಮಾ ನೋಡಿದರೆ ಸಾಕಾ ಅಂತ ಕೇಳಿದ್ದೀರಿ. ಸಾಲದು. ಟ್ರಾಮ್ ಆ ಬಡಾವಣೆಯ ಮೇಲಂಚಿನಲ್ಲಿ ಹಾದುಹೋಗುತ್ತದೆ, ಅಷ್ಟೇ. ಒಳಗಿನ ಓಣಿಗಳಿಗೆ ಹೋಗೋದೇ ಇಲ್ಲ.

ಹೀಗೆ ಮಾಡಿ. ಟ್ರಾಮ್‌ನಲ್ಲಿ ಸಾಂತಾ ಲುಜಿಯಾ ಚರ್ಚಿನವರೆಗೆ ಹೋಗಿ ಇಳಿಯಿರಿ. ಅದರ ಹೊರಗೋಡೆಯಲ್ಲಿ ನೀಲಿ ಟೈಲ್ಸ್‌ನ ಒಂದು ದೊಡ್ಡ ಚಿತ್ರವಿದೆ. 1755ರ ಭೂಕಂಪಕ್ಕೆ ಮುಂಚೆ ನದಿ ದಂಡೆಯ ಅರಮನೆ ಚೌಕ ಹೇಗಿತ್ತು ಅಂತ ಅದರಲ್ಲಿ ಬರೆದಿದ್ದಾರೆ. ಅದನ್ನು ನಿಧಾನವಾಗಿ ನೋಡಿ. ಆ ಚೌಕ, ಅದರ ಹಿಂದಿನ ಬೈಶಾ ಪ್ರದೇಶ ಎಲ್ಲ ನೆಲಸಮವಾಯಿತು. ಆಮೇಲೆ ಅಲ್ಲಿ ಗೆರೆ ಎಳೆದಂತೆ ನೇರ ಬೀದಿಗಳನ್ನು ಕಟ್ಟಿದರು. ಆಲ್ಫಾಮಾಕ್ಕೂ ಪೆಟ್ಟು ಬಿತ್ತು, ಆದರೆ ಹಳೆಯ ಸುತ್ತುಬಳಸು ಓಣಿಗಳು ಹಾಗೇ ಉಳಿದುಕೊಂಡವು. ಹೆಸರೂ ಹಳೆಯದೇ. ಬಿಸಿನೀರಿನ ಬುಗ್ಗೆ ಅನ್ನೋ ಅರ್ಥದ ಅರಬ್ಬಿ ಪದದಿಂದ ಬಂದದ್ದು.

ಅಲ್ಲಿಂದ ಮೆಟ್ಟಿಲು ಹಿಡಿದು ಕೆಳಗಿಳಿಯಿರಿ. ಮ್ಯಾಪ್ ಜಾಸ್ತಿ ನೋಡಬೇಡಿ. ಇಳಿಜಾರು ಹಿಡಿದರೆ ಕೊನೆಗೆ ತೇಜೋ ನದಿಯ ದಂಡೆ ಸಿಕ್ಕೇ ಸಿಗುತ್ತದೆ. ಕೆಲವು ಕಡೆ ಎರಡು ಕೈ ಚಾಚಿದರೆ ಎರಡೂ ಗೋಡೆ ಮುಟ್ಟಬಹುದು. ತಲೆ ಮೇಲೆ ಒಣಗಲು ಹಾಕಿದ ಬಟ್ಟೆ. ಕಲ್ಲುಹಾಸು ನುಣುಪಾಗಿರುತ್ತದೆ, ಮಳೆ ಬಂದರೆ ಜಾರುತ್ತದೆ. ಹಿಡಿತ ಇರುವ ಶೂ ಹಾಕಿಕೊಳ್ಳಿ. ಕೆಳಗೆ ಫಾದೋ ಅನ್ನೋ ಪೋರ್ಚುಗೀಸ್ ಸಂಗೀತದ ಮ್ಯೂಸಿಯಂ ಇದೆ, ಸಮಯ ಉಳಿದರೆ ಹೋಗಿ.

ಇನ್ನೊಂದು ವಿಷಯ. ಎಷ್ಟೋ ಮನೆಗಳು ಈಗ ಪ್ರವಾಸಿಗರ ಬಾಡಿಗೆಗೆ ಹೋಗಿ, ಹಳೆಯ ನಿವಾಸಿಗಳು ಊರ ಹೊರಗೆ ಹೋಗುತ್ತಿದ್ದಾರೆ. ಉಳಿದವರ ಕಿಟಕಿಗೆ ಕ್ಯಾಮೆರಾ ಹಿಡಿಯಬೇಡಿ, ದಯವಿಟ್ಟು.