ಪನೀರ್, ಚೀಸ್ ಎರಡೂ ಹಾಲಿಂದಲೇ ಮಾಡೋದು, ಆದ್ರೂ ರುಚಿ ಯಾಕಷ್ಟು ಬೇರೆ?

ವ್ಯತ್ಯಾಸ ತರೋದು ಸೂಕ್ಷ್ಮಜೀವಿಗಳು. ಪನೀರಿಗೆ ಬಿಸಿ ಹಾಲಿಗೆ ನಿಂಬೆರಸ ಹಾಕಿ ಒಡೆಸ್ತೀವಿ, ಅಲ್ಲಿಗೆ ಮುಗೀತು. ಚೀಸ್‌ಗೆ ಹಾಗಲ್ಲ, ಮೊಸರಿಗೆ ಹೆಪ್ಪು ಹಾಕೋ ಥರಾನೇ ಹಾಲಿಗೆ ಬ್ಯಾಕ್ಟೀರಿಯಾ ಬಿಡ್ತಾರೆ, ಅವು ಹಾಲಿನ ಸಕ್ಕರೆ ತಿಂದು ಲ್ಯಾಕ್ಟಿಕ್ ಆಸಿಡ್ ಮಾಡ್ತವೆ, ಆಮೇಲೆ ರೆನೆಟ್ ಅನ್ನೋ ಕಿಣ್ವ ಹಾಕಿ ಗಟ್ಟಿ ಮಾಡಿ, ನೀರು ಬಸಿದು, ಉಪ್ಪು ಹಾಕಿ, ಚೆಡ್ಡರ್ ಥರದ್ದನ್ನ ತಿಂಗಳುಗಟ್ಟಲೆ ತಣ್ಣಗಿನ ಜಾಗದಲ್ಲಿ ಮಾಗಿಸ್ತಾರೆ. ಅಸಲಿ ರುಚಿ ಹುಟ್ಟೋದು ಇಲ್ಲೇ! ಬ್ಯಾಕ್ಟೀರಿಯಾ ಸತ್ತ ಮೇಲೂ ಅವುಗಳ ಕಿಣ್ವಗಳು ಪ್ರೋಟೀನು, ಕೊಬ್ಬನ್ನ ಚೂರು ಚೂರಾಗಿ ಒಡೀತಾನೇ ಇರ್ತವೆ, ಆ ಚೂರುಗಳಿಂದಲೇ ಘಮ ಬರೋದು. ಸ್ವಿಸ್ ಚೀಸಿನ ತೂತೂ ಒಂದು ಬ್ಯಾಕ್ಟೀರಿಯಾ ಬಿಡೋ ಗ್ಯಾಸಿಂದ ಆಗಿದ್ದು.

ನಮ್ಮ ಬೆಂಗಳೂರಲ್ಲಿ ದೋಸೆ ಮೇಲೆ ತುರಿಯೋದು ಸಾಮಾನ್ಯವಾಗಿ ಪ್ರೊಸೆಸ್ಡ್ ಚೀಸ್, ಅಂದ್ರೆ ಮಾಡಿದ ಚೀಸನ್ನೇ ಮತ್ತೆ ಕಾಯಿಸಿ ಮಾಡಿರ್ತಾರೆ, ಆ ಬಿಸಿಗೆ ಬ್ಯಾಕ್ಟೀರಿಯಾ, ಕಿಣ್ವಗಳ ಕೆಲಸ ಬಹುಪಾಲು ನಿಂತುಹೋಗಿರುತ್ತೆ, ಹಂಗಾಗಿ ಫ್ರಿಜ್‌ನಲ್ಲಿ ಎಷ್ಟು ದಿನ ಇಟ್ರೂ ಅದು ಮಾಗಲ್ಲ.