ರ‍್ಯಾಪಿಡ್ ರೆಸ್ಪಾನ್ಸ್ ಟೀಮ್ ಇದ್ದರೂ ರೋಗಿ ಕುಸಿದ ಮೇಲೆಯೇ ಕರೆ ಬರುತ್ತದೆ. ಏನು ಬದಲಾಯಿಸಬೇಕು?

ಹಾಸನದಲ್ಲಿ 120 ಹಾಸಿಗೆಯ ಆಸ್ಪತ್ರೆ, ತಿಂಗಳಿಗೆ ಸುಮಾರು 500 ಅಡ್ಮಿಷನ್, ರೋಗಿ ಕೆಡುವ ಲಕ್ಷಣ ಕಂಡೊಡನೆ ಓಡಿ ಬರಬೇಕಾದ ಈ ಟೀಮ್ ಶುರುವಾಗಿ ಎಂಟು ತಿಂಗಳು, ಬರುವುದು ತಿಂಗಳಿಗೆ ಎರಡೋ ಮೂರೋ ಕರೆ, ಅದೂ ಉಸಿರು ನಿಲ್ಲುವ ಹೊತ್ತಿಗೆ ಎಂದು ಬರೆದಿದ್ದೀರಿ. ಟೀಮಿಗೆ ಇನ್ನೊಂದು ಟ್ರೇನಿಂಗ್ ಕೊಡಿಸಬೇಕೆ, ಹೊಸ ಡಿಫಿಬ್ರಿಲೇಟರ್ (ಹೃದಯಕ್ಕೆ ಶಾಕ್ ಕೊಡುವ ಯಂತ್ರ) ತರಿಸಬೇಕೆ ಎಂಬುದು ನಿಮ್ಮ ಪ್ರಶ್ನೆ. ಎರಡೂ ಸದ್ಯಕ್ಕೆ ಬೇಡ. ಓಡಿ ಬರುವವರು ಸರಿಯಾಗಿಯೇ ಇದ್ದಾರೆ, ತೊಡಕಿರುವುದು ಕರೆಯುವ ತುದಿಯಲ್ಲಿ. ಆಸ್ಟ್ರೇಲಿಯಾದ 23 ಆಸ್ಪತ್ರೆಗಳಲ್ಲಿ ನಡೆದು 2005ರಲ್ಲಿ ಪ್ರಕಟವಾದ ಮೆರಿಟ್ ಅಧ್ಯಯನದಲ್ಲೂ ಟೀಮ್ ಇದ್ದ ಆಸ್ಪತ್ರೆಗೂ ಇಲ್ಲದ ಆಸ್ಪತ್ರೆಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಕರೆಯಬೇಕಾದ ಲಕ್ಷಣ ಎದುರಿಗಿದ್ದರೂ ಎಷ್ಟೋ ರೋಗಿಗಳಿಗೆ ಕರೆಯೇ ಹೋಗಿರಲಿಲ್ಲ.

ಇವತ್ತೇ ಒಂದು ಕೆಲಸ ಮಾಡಿ. ಯಾವುದಾದರೂ ವಾರ್ಡಿನ ಟಿಪಿಆರ್ (ಜ್ವರ, ನಾಡಿ, ಉಸಿರಾಟ ಬರೆಯುವ) ಚಾರ್ಟುಗಳನ್ನು ತರಿಸಿಕೊಂಡು ಉಸಿರಾಟದ ಕಾಲಮ್ ಮಾತ್ರ ಓದುತ್ತಾ ಹೋಗಿ. 18, 20, 18, 20. ಇಡೀ ವಾರ್ಡು ಒಂದೇ ತಾಳಕ್ಕೆ ಉಸಿರಾಡುತ್ತಿದೆ ಎಂದರೆ ಯಾರೂ ಎಣಿಸಿಲ್ಲ ಎಂದೇ ಲೆಕ್ಕ. ಬಿಪಿ, ಪಲ್ಸ್, ಸ್ಯಾಚುರೇಷನ್ (ರಕ್ತದಲ್ಲಿನ ಆಕ್ಸಿಜನ್ ಶೇಕಡಾವಾರು) ಮೂರನ್ನೂ ಮಷಿನ್ ತೋರಿಸುತ್ತದೆ, ಉಸಿರನ್ನು ಮನುಷ್ಯರೇ ನಿಂತು ಎಣಿಸಬೇಕು. ಹಾಗಾಗಿ ಮೊದಲು ಸುಳ್ಳಾಗುವುದು ಅದೇ. ವಿಪರ್ಯಾಸವೆಂದರೆ ರೋಗಿ ಕೆಡುವಾಗ ಎಲ್ಲಕ್ಕಿಂತ ಮೊದಲು ಏರುವುದೂ ಸಾಮಾನ್ಯವಾಗಿ ಅದೇ.

ಎಣಿಸುವ ರೀತಿ ಹೀಗೆ: ಪಲ್ಸ್ ನೋಡುವವರಂತೆ ಮಣಿಕಟ್ಟು ಹಿಡಿದುಕೊಂಡು ಕಣ್ಣನ್ನು ಎದೆಯ ಮೇಲಿಡಿ. ಎಣಿಸುತ್ತಿದ್ದಾರೆ ಎಂದು ಗೊತ್ತಾದರೆ ಉಸಿರಿನ ಲಯ ಬದಲಾಗುತ್ತದೆ. ರಗ್ಗು ಹೊದ್ದಿದ್ದರೆ ಹೊಟ್ಟೆಯ ಮೇಲೆ ಕೈಯಿಡಿ. ಪೂರ್ತಿ 60 ಸೆಕೆಂಡ್. 15 ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸಿದರೆ ಒಂದು ಉಸಿರು ತಪ್ಪಿದಾಗ ಲೆಕ್ಕದಲ್ಲಿ ನಾಲ್ಕು ತಪ್ಪುತ್ತದೆ.

ಅದರ ಬೆಲೆ ಎಷ್ಟೆಂದು, ರೋಗಿ ಎಷ್ಟು ಕೆಡುತ್ತಿದ್ದಾರೆಂದು ಅಂಕ ಕೊಟ್ಟು ಅಳೆಯುವ ನ್ಯೂಸ್-2 ಸ್ಕೋರಿನಲ್ಲಿ ನೋಡಿ. ಬ್ರಿಟನ್ನಿನ ರಾಯಲ್ ಕಾಲೇಜ್ ಆಫ್ ಫಿಸಿಷಿಯನ್ಸ್ 2017ರಲ್ಲಿ ಪರಿಷ್ಕರಿಸಿದ ಪಟ್ಟಿ ಇದು. ನಿಮೋನಿಯಾ ರೋಗಿಯೊಬ್ಬರಿಗೆ ಉಸಿರು 24 ಇದ್ದರೆ 2 ಅಂಕ, ಹೊರಗಿನ ಆಕ್ಸಿಜನ್ ಇಲ್ಲದೆ ಸ್ಯಾಚುರೇಷನ್ 94ಕ್ಕೆ 1, ಮೇಲಿನ ಬಿಪಿ 104ಕ್ಕೆ 1, ಪಲ್ಸ್ 112ಕ್ಕೆ 2, ಜ್ವರ 38.4 ಡಿಗ್ರಿ ಸೆಲ್ಸಿಯಸ್‌ಗೆ 1. ಎಚ್ಚರವಾಗಿದ್ದಾರೆ, ಮಾತಾಡುತ್ತಿದ್ದಾರೆ, ಅದಕ್ಕೆ ಸೊನ್ನೆ. ಒಂದೊಂದೇ ಅಂಕಿ ನೋಡಿದರೆ ಯಾವುದೂ ಹೆದರಿಸುವುದಿಲ್ಲ. ಕೂಡಿಸಿದರೆ 7, ಟೀಮ್ ಕರೆಯಲೇಬೇಕಾದ ಗಡಿ. ಅದೇ ರೋಗಿಯ ಉಸಿರನ್ನು ಕಣ್ಣಂದಾಜಿನಲ್ಲಿ 18 ಎಂದು ಬರೆದಿರೋ, ಸ್ಕೋರ್ 5ಕ್ಕೆ ಇಳಿಯಿತು, ಕರೆ ಹೋಗಲಿಲ್ಲ. ಆಕ್ಸಿಜನ್ ಹಾಕಿದ್ದರೆ ಅದಕ್ಕೇ 2 ಅಂಕ ಸೇರಿಸಬೇಕು. ಮಾಸ್ಕ್ ಹಾಕಿ 97 ಬಂತೆಂದು ಸಮಾಧಾನಪಡುವವರು ಮರೆಯುವುದು ಇದನ್ನು. ಗರ್ಭಿಣಿಯರಿಗೂ 16 ವರ್ಷದೊಳಗಿನವರಿಗೂ ಈ ಪಟ್ಟಿ ಸಲ್ಲದು, ಅವರಿಗೆ ಬೇರೆ ಇವೆ. ಬೀಡಿ ಸೇದಿ, ಒಲೆ ಹೊಗೆ ಕುಡಿದು ಸಿಒಪಿಡಿ (ಶ್ವಾಸನಾಳ ಕಟ್ಟುವ ದೀರ್ಘಕಾಲದ ಕಾಯಿಲೆ) ಆದವರಲ್ಲಿ ಕಾರ್ಬನ್ ಡೈಆಕ್ಸೈಡ್ ಏರುವುದು ಖಚಿತವಾಗಿದ್ದರೆ ಸ್ಯಾಚುರೇಷನ್ ಗುರಿ 88ರಿಂದ 92. ಅದನ್ನು ಡಾಕ್ಟರ್ ಕೇಸ್ ಶೀಟಿನಲ್ಲಿ ಬರೆದಿರಬೇಕು, ಸಿಸ್ಟರ್ ಊಹಿಸುವ ವಿಷಯವಲ್ಲ. ಇನ್ನೊಂದು: ನಮ್ಮ ಕಡೆ ಡಿಸೆಂಬರ್, ಜನವರಿ ಬೆಳಗಿನ ಜಾವ ಬೆರಳು ತಣ್ಣಗಾಗಿ ಪಲ್ಸ್ ಆಕ್ಸಿಮೀಟರ್ ಏನೇನೋ ತೋರಿಸುತ್ತದೆ. ಕೈ ಉಜ್ಜಿ ಬೆಚ್ಚಗೆ ಮಾಡಿ, ಅಲೆ ಸರಿಯಾಗಿ ಮೂಡಿದ ಮೇಲೆ ಅಂಕಿ ಬರೆದುಕೊಳ್ಳಿ.

ಇನ್ನು ಕರೆಯುವ ಅಧಿಕಾರ. ಸಿಸ್ಟರ್ ಡ್ಯೂಟಿ ಡಾಕ್ಟರಿಗೆ, ಅವರು ಕನ್ಸಲ್ಟೆಂಟಿಗೆ, ಕನ್ಸಲ್ಟೆಂಟ್ ಒಪ್ಪಿದರೆ ಐಸಿಯುಗೆ. ಈ ಮೆಟ್ಟಿಲು ಹತ್ತುವಷ್ಟರಲ್ಲಿ ಮುಕ್ಕಾಲು ಗಂಟೆ ಹೋಗಿರುತ್ತದೆ. ಸಿಸ್ಟರ್ ನೇರವಾಗಿ ಟೀಮಿಗೆ ಫೋನ್ ಮಾಡಬೇಕು, ಕನ್ಸಲ್ಟೆಂಟಿಗೆ ಜೊತೆಜೊತೆಗೇ ತಿಳಿಸಬೇಕು, ಅನುಮತಿ ಕೇಳುವುದಲ್ಲ. ಇದನ್ನು ಸರ್ಕ್ಯುಲರ್ ಮಾಡಿ ಎಲ್ಲ ಕನ್ಸಲ್ಟೆಂಟರ ಸಹಿ ಹಾಕಿಸಿ. ‘ನನ್ನ ಪೇಷೆಂಟಿಗೆ ಕೈ ಹಾಕಲು ಇವರ‍್ಯಾರು’ ಎನ್ನುವವರು ಒಬ್ಬಿಬ್ಬರಾದರೂ ಇರುತ್ತಾರೆ. ಅವರನ್ನು ಮೊದಲೇ ಕೂರಿಸಿಕೊಂಡು ಮಾತಾಡಿ. ಸಿಸ್ಟರ್ ಒಂದು ಸಲ ಬೈಸಿಕೊಂಡರೆ ಆ ವಾರ್ಡಿನಿಂದ ಆರು ತಿಂಗಳು ಕರೆ ಬರುವುದಿಲ್ಲ.

ಸ್ಕೋರ್ ಕೂಡಿಸಲು ಪುರುಸೊತ್ತಿಲ್ಲದಾಗ ಕೆಲವು ಒಂಟಿ ಲಕ್ಷಣಗಳೇ ಸಾಕು: ಉಸಿರು 8ಕ್ಕಿಂತ ಕಡಿಮೆ ಅಥವಾ 30ಕ್ಕಿಂತ ಹೆಚ್ಚು, ಆಕ್ಸಿಜನ್ ಕೊಟ್ಟರೂ ಸ್ಯಾಚುರೇಷನ್ 90ರ ಕೆಳಗೆ, ಪಲ್ಸ್ 40ಕ್ಕಿಂತ ಕಡಿಮೆ ಅಥವಾ 130 ದಾಟಿದ್ದು, ಮೇಲಿನ ಬಿಪಿ 90ರ ಕೆಳಗೆ, ಹೊಸದಾಗಿ ಬಂದ ಮಂಕು, ಫಿಟ್ಸ್. ಪಟ್ಟಿಯ ಕೊನೆಯಲ್ಲಿ ‘ಯಾಕೋ ಸರಿ ಕಾಣ್ತಿಲ್ಲ’ ಎಂಬುದನ್ನೂ ಅಧಿಕೃತವಾಗಿ ಸೇರಿಸಿ.

ಫೋನಿನ ಮಾತೂ ಮುಖ್ಯ. ‘ಸಾರ್, ಪೇಷೆಂಟ್ ಸ್ವಲ್ಪ ಡಲ್ ಆಗಿದಾರೆ’ ಎಂದರೆ ‘ಒಂದು ಪ್ಯಾನ್ (ಅಸಿಡಿಟಿ ಔಷಧಿ) ಕೊಟ್ಟಿರಿ, ಬರ್ತೀನಿ’ ಎಂಬ ಉತ್ತರವೇ ಬರುವುದು. ಹೀಗೆ ಹೇಳಿಸಿ ಅಭ್ಯಾಸ ಮಾಡಿಸಿ: ‘ಮೇಲ್ ವಾರ್ಡ್, ಬೆಡ್ 14. 62 ವರ್ಷ, ನಿಮೋನಿಯಾ, ಎರಡನೇ ದಿನ. ಸ್ಕೋರ್ ಬೆಳಿಗ್ಗೆ 3 ಇತ್ತು, ಈಗ 7. ಉಸಿರು 24, ಎಣಿಸಿದ್ದೀನಿ. ಐವಿ ಲೈನ್ ಇದೆ. ಈಗಲೇ ಬನ್ನಿ.’ 20 ಸೆಕೆಂಡ್ ಸಾಕು. ಇಂಟರ್‌ಕಾಮ್ ಪಕ್ಕದ ಗೋಡೆಗೆ ಇದನ್ನೇ ಕನ್ನಡದಲ್ಲಿ ಅಂಟಿಸಿ.

ಹಾಸಿಗೆ ಪಕ್ಕ ಕೂರುವ ಮನೆಯವರನ್ನೂ ಬಳಸಿಕೊಳ್ಳಿ. ಮನೆಯವರೇ ನೇರವಾಗಿ ಎರಡನೇ ಅಭಿಪ್ರಾಯ ಕೇಳಲು ಇಂಗ್ಲೆಂಡಿನಲ್ಲಿ 2024ರಿಂದ ಮಾರ್ಥಾ ನಿಯಮ ತಂದರು. ನಮ್ಮಲ್ಲಿ ರಾತ್ರಿಯಿಡೀ ಮಗನೋ ಸೊಸೆಯೋ ಅಲ್ಲೇ ಕೂತಿರುತ್ತಾರೆ. ‘ಅಪ್ಪ ಏನೇನೋ ಮಾತಾಡ್ತಿದಾರೆ, ಯಾವತ್ತೂ ಹಿಂಗಿರಲಿಲ್ಲ’ ಎಂದು ಅವರು ಹೇಳಿದರೆ ಅದು ಹೊಸ ಮಂಕು, ಸ್ಕೋರಿನಲ್ಲಿ 3. ಮೊದಲು ಜಿಆರ್‌ಬಿಎಸ್ ನೋಡಿ. ಬೆರಳು ಚುಚ್ಚಿ ನೋಡುವ ಈ ಪರೀಕ್ಷೆಯಲ್ಲಿ ರಕ್ತದ ಸಕ್ಕರೆ ಇಳಿದಿದ್ದರೆ 25% ಡೆಕ್ಸ್ಟ್ರೋಸ್ 100 ಎಂಎಲ್, ಅಂದರೆ 25 ಗ್ರಾಂ ಗ್ಲೂಕೋಸ್, ಐವಿ ಕೊಟ್ಟು 15 ನಿಮಿಷಕ್ಕೆ ಮತ್ತೆ ನೋಡಿ.

ಟೀಮಿಗೆ ನಾಲ್ಕು ಜನ ಸಾಕು: ತೀರ್ಮಾನ ಹೇಳುವ ಡಾಕ್ಟರ್, ಉಸಿರು ನೋಡಿಕೊಳ್ಳುವವರು, ಲೈನ್ ಮತ್ತು ಔಷಧಿಗೆ ಒಬ್ಬರು, ನಾಲ್ಕನೆಯವರು ಆ ವಾರ್ಡಿನ ಸಿಸ್ಟರೇ. ಟೀಮ್ ಬಂತೆಂದು ಅವರು ಕೇಸ್ ಶೀಟ್ ಕೊಟ್ಟು ಬೇರೆ ಬೆಡ್ಡಿಗೆ ಹೊರಟರೆ ರೋಗಿಯ ಚರಿತ್ರೆಯೇ ಎದ್ದು ಹೋದಂತೆ. ಟೈಮ್ ಬರೆಯುವ ಕೆಲಸ ಅವರದಾಗಲಿ.

ತುರ್ತು ಸಾಮಗ್ರಿಯ ತಳ್ಳುವ ಕ್ರ್ಯಾಶ್ ಕಾರ್ಟ್ ಲಿಫ್ಟಿಗೆ ಕಾಯುತ್ತದೆ, ಆದ್ದರಿಂದ ಹೆಗಲಿಗೆ ಹಾಕುವ ಬ್ಯಾಗೊಂದು ಬೇಕು. ರಿಸರ್ವಾಯರ್ ಸಮೇತ ಅಂಬು ಬ್ಯಾಗ್ (ಕೈಯಿಂದ ಒತ್ತಿ ಉಸಿರು ಕೊಡುವ ಚೀಲ), ಮೂರು ಅಳತೆಯ ಮಾಸ್ಕ್ ಮತ್ತು ಏರ್‌ವೇ, ಎನ್‌ಆರ್‌ಬಿಎಂ (ಹೆಚ್ಚು ಆಕ್ಸಿಜನ್ ಕೊಡುವ ಚೀಲದ ಮಾಸ್ಕ್), 18 ಮತ್ತು 20ರ ಕ್ಯಾನುಲಾ, ಎನ್‌ಎಸ್ (ಸಲೈನ್) 500 ಎಂಎಲ್ ಎರಡು, ಗ್ಲುಕೋಮೀಟರ್, ಅಡ್ರಿನಾಲಿನ್ 10 ಆಂಪೂಲ್ (ಹೃದಯ ನಿಂತಾಗ 3ರಿಂದ 5 ನಿಮಿಷಕ್ಕೊಂದು ಮಿಲಿಗ್ರಾಂ, ಅರ್ಧ ಗಂಟೆಗೆ ಸಾಕು), ಹೃದಯದ ಲಯ ಸರಿಪಡಿಸುವ ಅಮಿಯೋಡರೋನ್ 150 ಮಿಲಿಗ್ರಾಂನದು ಮೂರು. ಗಂಟಲಿನೊಳಗೆ ನೋಡುವ ಲ್ಯಾರಿಂಗೋಸ್ಕೋಪಿನ ಬಲ್ಬ್ ಪ್ರತಿ ಶಿಫ್ಟಿಗೆ ಉರಿಸಿ ನೋಡಬೇಕು. ಸಿಲಿಂಡರ್ ಕೀಯನ್ನು ದಾರ ಕಟ್ಟಿ ಸಿಲಿಂಡರಿಗೇ ನೇತುಹಾಕಿ. ಎಷ್ಟೋ ಕಡೆ ಸಿಲಿಂಡರ್ ತುಂಬಿರುತ್ತದೆ, ಕೀ ಸಿಗುವುದಿಲ್ಲ.

ಆಕ್ಸಿಜನ್ ಲೆಕ್ಕ ಬಾಯಲ್ಲೇ ಇರಲಿ. ಬಿ ಟೈಪ್ ಸಿಲಿಂಡರಿನಲ್ಲಿ ತುಂಬಿದಾಗ ಸುಮಾರು 1,500 ಲೀಟರ್. ನಿಮಿಷಕ್ಕೆ 15 ಲೀಟರ್ ಬಿಟ್ಟರೆ 100 ನಿಮಿಷ, ಗೇಜಿನ ಮುಳ್ಳು ಅರ್ಧಕ್ಕಿದ್ದರೆ 50. ರೆಫರ್ ಮಾಡುವಾಗ ಇದು ಜೀವನ್ಮರಣದ ಗಣಿತ. ಹಾಸನದಿಂದ ಬೆಂಗಳೂರಿಗಾಗಲಿ ಮಂಗಳೂರಿಗಾಗಲಿ ಮೂರ್ನಾಲ್ಕು ಗಂಟೆ, ಮಳೆಗಾಲದಲ್ಲಿ ಶಿರಾಡಿಯಲ್ಲಿ ಗುಡ್ಡ ಜರಿದರೆ ಅದೂ ಖಾತ್ರಿಯಿಲ್ಲ. ಚಿಕ್ಕಮಗಳೂರಿನವರಿಗೆ ಚಾರ್ಮಾಡಿಯದೂ ಇದೇ ಕಥೆ. ಆದ್ದರಿಂದ ಸ್ಕೋರ್ 5 ಆದಾಗಲೇ ‘ಇವರನ್ನು ಇಲ್ಲಿ ನಿಭಾಯಿಸಬಹುದೆ’ ಎಂದು ಕೇಳಿಕೊಳ್ಳಿ. 9 ಆದ ಮೇಲೆ ಆಂಬುಲೆನ್ಸ್ ಹತ್ತಿಸುವುದು ತಡ.

ಸುಧಾರಣೆ ಅಳೆಯಲು ಕರೆಗಳನ್ನೇ ಎಣಿಸಿ. ಪಳಗಿದ ಟೀಮುಗಳಿಗೆ ಸಾವಿರ ಅಡ್ಮಿಷನ್ನಿಗೆ 25 ಅಥವಾ ಹೆಚ್ಚು ಕರೆ ಬರುತ್ತವೆ. ನಿಮ್ಮ ಲೆಕ್ಕಕ್ಕೆ ತಿಂಗಳಿಗೆ 12 ಆಗಬೇಕು. ಕರೆ ಏರಿದರೆ ಗಾಬರಿ ಬೇಡ, ವಾರ್ಡಿನಲ್ಲಿ ಹೃದಯ ನಿಲ್ಲುವ ಕೇಸು ಇಳಿಯುತ್ತಿದೆಯೇ ನೋಡಿ. ರಾತ್ರಿ ಮೂರಕ್ಕೆ ಹೇಳದೆ ಕೇಳದೆ ಅಣಕು ಕರೆ ಮಾಡಿ, ಫೋನ್ ಎತ್ತಿದ್ದು ಎಷ್ಟು ಹೊತ್ತಿಗೆ, ಬೆಡ್ ಮುಟ್ಟಿದ್ದು ಎಷ್ಟು ಹೊತ್ತಿಗೆ ಬರೆದಿಡಿ. ಐದು ನಿಮಿಷ ಮೀರಬಾರದು. ಪ್ರತಿ ಕರೆಯ ನಂತರ ಅರ್ಧ ಪುಟದ ಚೀಟಿ: ಮೊದಲ ಲಕ್ಷಣ ಎಷ್ಟು ಗಂಟೆಗೆ, ಕರೆ ಎಷ್ಟು ಗಂಟೆಗೆ, ನಡುವೆ ತಡೆದದ್ದು ಏನು. ಆ ಚೀಟಿಯಲ್ಲಿ ಸಿಸ್ಟರ್ ಹೆಸರು ಬರೆಯಲು ಜಾಗವನ್ನೇ ಬಿಡಬೇಡಿ.