ಮಣ್ಣಿನ ಬ್ಯಾಕ್ಟೀರಿಯಾದಿಂದ ಗಿಡಕ್ಕೆ ಜೀನ್: ದಾಟಿಸುವುದು ಸುಲಭ, ಗಿಡ ಎಬ್ಬಿಸುವುದು ಕಷ್ಟ

ನೀವು ಕೇಳಿದ್ದು ಇಷ್ಟು: "ಮಣ್ಣಿನಲ್ಲಿರುವ ಒಂದು ಬ್ಯಾಕ್ಟೀರಿಯಾ ಬಳಸಿ ಗಿಡಗಳಿಗೆ ಹೊಸ ಜೀನ್ ಸೇರಿಸುತ್ತಾರಂತೆ, ನಿಜವಾ? ಹಾಗಾದರೆ ಅದನ್ನು ಕುಂಡದಲ್ಲಿರುವ ಗಿಡಕ್ಕೆ ಸುರಿದರೆ ಸಾಕಾ? ಆಮೇಲೆ ನಾವು ತಿನ್ನುವ ಕಾಯಿಯಲ್ಲೂ ಆ ಬ್ಯಾಕ್ಟೀರಿಯಾ ಇರುತ್ತಾ?"

ಮೊದಲನೆಯದಕ್ಕೆ ಉತ್ತರ ಹೌದು. ಎರಡನೆಯದಕ್ಕೆ ಇಲ್ಲ. ಮೂರನೆಯದಕ್ಕೂ ಇಲ್ಲ, ಆದರೆ ಅದಕ್ಕೆ ಸ್ವಲ್ಪ ವಿವರಣೆ ಬೇಕು. ನಾನು ಅಂಗಾಂಶ ಕೃಷಿ (ಟಿಶ್ಯೂ ಕಲ್ಚರ್) ಲ್ಯಾಬಿನಲ್ಲಿ ಕೆಲಸ ಮಾಡುವವಳು, ಈ ಬ್ಯಾಕ್ಟೀರಿಯಾ ನನಗೆ ದಿನನಿತ್ಯದ ಒಡನಾಟ. ನಿಮ್ಮ ಎರಡನೇ ಪ್ರಶ್ನೆ ಓದಿ ಖುಷಿಯಾಯಿತು. ಈ ಕೆಲಸದ ನಿಜವಾದ ಕಷ್ಟ ಇರುವುದೇ ಅಲ್ಲಿ.

ಬ್ಯಾಕ್ಟೀರಿಯಾದ ಹೆಸರು ಅಗ್ರೋಬ್ಯಾಕ್ಟೀರಿಯಂ ಟ್ಯುಮಿಫೇಸಿಯೆನ್ಸ್. ಲ್ಯಾಬಿನಲ್ಲಿ ಎಲ್ಲರೂ ಸುಮ್ನೆ 'ಅಗ್ರೋ' ಅನ್ನುತ್ತೇವೆ. ಗುಲಾಬಿ, ದ್ರಾಕ್ಷಿ, ಪೀಚ್, ಬಾದಾಮಿ ಗಿಡಗಳಲ್ಲಿ ಕಾಂಡ ಮಣ್ಣಿಗೆ ಸೇರುವ ಜಾಗದಲ್ಲಿ ದಪ್ಪ ಗಂಟು ಬರುತ್ತದಲ್ಲ, ಆ ರೋಗಕ್ಕೆ ಕಾರಣ ಇದೇ. ಅಮೆರಿಕದ ಕೃಷಿ ಇಲಾಖೆಯ ಅರ್ವಿನ್ ಸ್ಮಿತ್ ಮತ್ತು ಟೌನ್ಸೆಂಡ್ 1907ರಲ್ಲಿ ಇದನ್ನು ತೋರಿಸಿಕೊಟ್ಟರು.

ಅಲ್ಲಿಗೆ ಇದು ಇನ್ನೊಂದು ಸಸ್ಯರೋಗವಾಗಿ ಉಳಿಯಬಹುದಿತ್ತು. 1940ರ ದಶಕದಲ್ಲಿ ಆರ್ಮಿನ್ ಬ್ರೌನ್ ಎಂಬ ವಿಜ್ಞಾನಿ ಅಮೆರಿಕದ ರಾಕ್‌ಫೆಲ್ಲರ್ ಸಂಸ್ಥೆಯಲ್ಲಿ ಇದರ ಬೆನ್ನು ಹತ್ತಿದರು. ಅವರು ಬಳಸಿದ ಗಿಡಗಳಲ್ಲಿ ನಮ್ಮ ಅಂಗಳದ ನಿತ್ಯಪುಷ್ಪವೂ ಒಂದು. ಅದು ಹೆಚ್ಚು ಬಿಸಿ ತಡೆದುಕೊಳ್ಳುತ್ತದೆ. ಗಿಡಕ್ಕೆ ರೋಗ ಹಚ್ಚಿ, ಆಮೇಲೆ ಸುಮಾರು 46 ಡಿಗ್ರಿ ಶಾಖದಲ್ಲಿ ಇಟ್ಟರೆ ಬ್ಯಾಕ್ಟೀರಿಯಾ ಸಾಯುತ್ತದೆ, ಗಿಡ ಬದುಕುತ್ತದೆ. ಬ್ಯಾಕ್ಟೀರಿಯಾ ಸತ್ತ ಮೇಲೂ ಗಂಟು ಬೆಳೆಯುತ್ತಲೇ ಹೋಯಿತು. ಆ ಗಂಟಿನ ಜೀವಕೋಶಗಳನ್ನು ತೆಗೆದು ಬೇರೆ ಇಟ್ಟರೆ, ಹಾರ್ಮೋನು ಹಾಕದಿದ್ದರೂ ಬೆಳೆದವು. ಮಾಮೂಲಿ ಗಿಡದ ಕೋಶಗಳು ಹಾಗೆ ಬೆಳೆಯುವುದಿಲ್ಲ. ಅಂದರೆ ಬ್ಯಾಕ್ಟೀರಿಯಾ ಹೋಗುವ ಮೊದಲು ಏನನ್ನೋ ಒಳಗೆ ಬಿಟ್ಟು ಹೋಗಿದೆ, ಅದು ಕೋಶವನ್ನೇ ಬದಲಾಯಿಸಿದೆ ಅಂತ ಬ್ರೌನ್ ವಾದಿಸಿದರು. ಡಿಎನ್‌ಎ ರಚನೆಯೇ ಇನ್ನೂ ಗೊತ್ತಿಲ್ಲದ ಕಾಲ ಅದು. ಈ ಇಡೀ ಕಥೆಯಲ್ಲಿ ನನಗೆ ಅತ್ಯಂತ ಮೆಚ್ಚುಗೆಯಾಗುವ ಪ್ರಯೋಗ ಇದು.

ಆ 'ಏನೋ' ಯಾವುದು ಅಂತ ತಿಳಿಯಲು ಇನ್ನೂ 30 ವರ್ಷ ಬೇಕಾಯಿತು. ಬೆಲ್ಜಿಯಂನ ಘೆಂಟ್‌ನಲ್ಲಿ ಜೆಫ್ ಶೆಲ್ ಮತ್ತು ಮಾರ್ಕ್ ವಾನ್ ಮೊಂಟಾಗು ಅವರ ತಂಡ 1974ರಲ್ಲಿ, ರೋಗ ತರುವ ಅಗ್ರೋ ತಳಿಗಳಲ್ಲಿ ಒಂದು ದೊಡ್ಡ ಪ್ಲಾಸ್ಮಿಡ್ ಇದೆ ಎಂದು ಕಂಡುಹಿಡಿಯಿತು. ಪ್ಲಾಸ್ಮಿಡ್ ಅಂದರೆ ಬ್ಯಾಕ್ಟೀರಿಯಾದ ಮುಖ್ಯ ಡಿಎನ್‌ಎಯಿಂದ ಬೇರೆಯಾಗಿ ಇರುವ ಡಿಎನ್‌ಎ ಉಂಗುರ. ಇದರ ಉದ್ದ ಸುಮಾರು 2 ಲಕ್ಷ ಡಿಎನ್‌ಎ ಅಕ್ಷರ (ಬೇಸ್ ಜೋಡಿ). 1977ರಲ್ಲಿ ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಮೇರಿ-ಡೆಲ್ ಚಿಲ್ಟನ್ ಮತ್ತು ಸಂಗಡಿಗರು, ಆ ಪ್ಲಾಸ್ಮಿಡ್‌ನ ಒಂದು ಸಣ್ಣ ತುಂಡು ತಂಬಾಕು ಗಂಟಿನ ಕೋಶಗಳ ಡಿಎನ್‌ಎಯಲ್ಲಿ ಇರುವುದನ್ನು ತೋರಿಸಿದರು. ಆ ತುಂಡಿಗೆ ಟಿ-ಡಿಎನ್‌ಎ ಎಂದು ಹೆಸರು. ಬ್ಯಾಕ್ಟೀರಿಯಾದಿಂದ ಗಿಡಕ್ಕೆ ಜೀನ್ ದಾಟುವುದು ಪ್ರಕೃತಿಯಲ್ಲೇ ನಡೆಯುತ್ತದೆ ಎಂಬುದಕ್ಕೆ ಅದು ಗಟ್ಟಿ ಸಾಕ್ಷಿ.

ಬ್ಯಾಕ್ಟೀರಿಯಾಕ್ಕೆ ಇದರಿಂದ ಏನು ಲಾಭ? ಊಟ. ಟಿ-ಡಿಎನ್‌ಎಯಲ್ಲಿ ಎರಡು ಬಗೆಯ ಜೀನ್‌ಗಳಿವೆ. ಒಂದು ಬಗೆಯವು ಗಿಡದ ಹಾರ್ಮೋನುಗಳಾದ ಆಕ್ಸಿನ್ ಮತ್ತು ಸೈಟೊಕೈನಿನ್ ತಯಾರಿಸುತ್ತವೆ, ಅದರಿಂದ ಕೋಶಗಳು ಲಂಗುಲಗಾಮಿಲ್ಲದೆ ಹೆಚ್ಚಿ ಗಂಟಾಗುತ್ತದೆ. ಇನ್ನೊಂದು ಬಗೆಯವು ಓಪೈನ್ ಎಂಬ ವಸ್ತು ತಯಾರಿಸುತ್ತವೆ. ಗಿಡಕ್ಕೆ ಓಪೈನ್‌ನಿಂದ ಉಪಯೋಗವಿಲ್ಲ. ಸುತ್ತಲಿನ ಬೇರೆ ಹೆಚ್ಚಿನ ಸೂಕ್ಷ್ಮಜೀವಿಗಳಿಗೂ ಅದು ಜೀರ್ಣವಾಗುವುದಿಲ್ಲ. ಅಗ್ರೋಗೆ ಅದು ಆಹಾರ. ಕೋಗಿಲೆ ಕಾಗೆಯ ಗೂಡಿನಲ್ಲಿ ಮೊಟ್ಟೆಯಿಟ್ಟು ಕಾಗೆಯಿಂದಲೇ ಮರಿ ಸಾಕಿಸಿಕೊಳ್ಳುವ ಹಾಗೆ, ಇದು ಗಿಡದ ಕೋಶದಿಂದಲೇ ತನ್ನ ಅಡುಗೆ ಮಾಡಿಸಿಕೊಳ್ಳುತ್ತದೆ.

ದಾಟಿಸುವ ಕೆಲಸ ಶುರುವಾಗುವುದು ಗಾಯದಿಂದ. ಗಿಡಕ್ಕೆ ಗಾಯವಾದಾಗ ಅಸಿಟೊಸಿರಿಂಗೋನ್ ಎಂಬ ವಸ್ತು ಹೊರಬರುತ್ತದೆ. ಅಗ್ರೋ ಅದನ್ನು ಗುರುತಿಸಿ ತನ್ನ 'ವಿರ್' ಜೀನ್‌ಗಳನ್ನು ಚಾಲೂ ಮಾಡುತ್ತದೆ. ಟಿ-ಡಿಎನ್‌ಎಯ ಎರಡೂ ತುದಿಯಲ್ಲಿ 25 ಅಕ್ಷರಗಳ ಗಡಿ ಗುರುತುಗಳಿವೆ. ವಿರ್‌ಡಿ2 ಎಂಬ ಪ್ರೋಟೀನ್ ಆ ಗಡಿಯಲ್ಲಿ ಕತ್ತರಿಸಿ, ಒಂದೇ ಎಳೆಯನ್ನು ಬಿಡಿಸಿಕೊಂಡು, ಅದರ ಮುಂದಿನ ತುದಿಗೆ ಅಂಟಿಕೊಳ್ಳುತ್ತದೆ. ಬ್ಯಾಕ್ಟೀರಿಯಾದಿಂದ ಗಿಡದ ಕೋಶಕ್ಕೆ ಒಂದು ಪ್ರೋಟೀನ್ ನಾಳ ಇರುತ್ತದೆ, ಎಳೆ ಅದರೊಳಗಿಂದ ದಾಟುತ್ತದೆ. ಆಚೆ ಕಡೆ ವಿರ್‌ಇ2 ಎಂಬ ಇನ್ನೊಂದು ಪ್ರೋಟೀನ್ ಎಳೆಯನ್ನು ಸುತ್ತಿಕೊಂಡು ಕಾಪಾಡುತ್ತದೆ. ಕೊನೆಗೆ ಅದು ಕೋಶಕೇಂದ್ರಕ್ಕೆ ಹೋಗಿ, ಗಿಡದ ಡಿಎನ್‌ಎಯಲ್ಲಿ ಎಲ್ಲೋ ಒಂದು ಕಡೆ ಸೇರುತ್ತದೆ. ಆ ಜಾಗವನ್ನು ನಾವು ಆರಿಸಲು ಆಗುವುದಿಲ್ಲ. ಈ ಮಾತು ನೆನಪಿಡಿ, ಮುಂದೆ ಬೇಕಾಗುತ್ತದೆ.

ಈಗ ಮುಖ್ಯ ವಿಷಯ. ದಾಟಿಸುವ ಯಂತ್ರ ಇರುವುದು ಟಿ-ಡಿಎನ್‌ಎಯ ಹೊರಗೆ. ಒಳಗೇನಿದೆ ಎಂದು ಆ ಯಂತ್ರ ನೋಡುವುದಿಲ್ಲ, ಗಡಿ ಗುರುತು ಇದ್ದರೆ ಸಾಕು. ಹಾಗಾಗಿ ಗಂಟು ತರುವ ಜೀನ್‌ಗಳನ್ನು ತೆಗೆದು, ನಮಗೆ ಬೇಕಾದ ಜೀನ್ ಇಟ್ಟರೂ ಅದು ದಾಟಿಸುತ್ತದೆ. 1983ರಲ್ಲಿ ಘೆಂಟ್, ಮೊನ್ಸಾಂಟೊ ಮತ್ತು ಆ ಹೊತ್ತಿಗೆ ಸೇಂಟ್ ಲೂಯಿಸ್‌ಗೆ ಹೋಗಿದ್ದ ಚಿಲ್ಟನ್, ಈ ಮೂರೂ ತಂಡಗಳು ಹೆಚ್ಚು ಕಡಿಮೆ ಒಟ್ಟಿಗೇ ಇದನ್ನು ಮಾಡಿ ತೋರಿಸಿದವು. ಅದೇ ವರ್ಷ ನೆದರ್ಲೆಂಡ್ಸ್‌ನ ಲೈಡನ್ ತಂಡ ಇನ್ನೊಂದು ಅನುಕೂಲ ಮಾಡಿಕೊಟ್ಟಿತು: ವಿರ್ ಜೀನ್‌ಗಳು ಒಂದು ಪ್ಲಾಸ್ಮಿಡ್‌ನಲ್ಲಿ, ಗಡಿ ಗುರುತುಗಳ ನಡುವಿನ ಭಾಗ ಇನ್ನೊಂದು ಚಿಕ್ಕ ಪ್ಲಾಸ್ಮಿಡ್‌ನಲ್ಲಿ ಇದ್ದರೂ ಕೆಲಸ ನಡೆಯುತ್ತದೆ. ಇವತ್ತು ನಾವು ಬಳಸುವುದು ಈ ಜೋಡಿಯನ್ನೇ.

ಇನ್ನು ನಿಮ್ಮ ಕುಂಡದ ಗಿಡ. ಅಗ್ರೋ ದ್ರಾವಣ ಸುರಿದಿರಿ ಅಂತಿಟ್ಟುಕೊಳ್ಳಿ. ಗಾಯವಿಲ್ಲದಿದ್ದರೆ ಬಹುಶಃ ಏನೂ ಆಗುವುದಿಲ್ಲ. ಗಾಯವಿದ್ದರೆ ಅಲ್ಲಿನ ಕೆಲವು ಕೋಶಗಳಿಗೆ ಜೀನ್ ಹೋಗಬಹುದು. ಆದರೆ ಉಳಿದ ಕೋಟ್ಯಂತರ ಕೋಶಗಳು ಹಳೆಯವೇ. ಆ ಗಿಡದ ಹೂವು, ಬೀಜ ಎಲ್ಲ ಹಳೆಯ ಕೋಶಗಳಿಂದಲೇ ಬರುತ್ತವೆ. ಹೊಸ ತಳಿ ಬೇಕಾದರೆ, ಜೀನ್ ಪಡೆದ ಒಂದೇ ಒಂದು ಕೋಶದಿಂದ ಇಡೀ ಗಿಡ ಎಬ್ಬಿಸಬೇಕು.

ಅದಕ್ಕೇ ಲ್ಯಾಬಿನಲ್ಲಿ ತಂಬಾಕಿನ ಎಲೆಯನ್ನು ಚಿಕ್ಕ ಬಿಲ್ಲೆಗಳಾಗಿ ಕತ್ತರಿಸುತ್ತೇವೆ. ಕತ್ತರಿಸಿದ ಅಂಚೇ ಗಾಯ. ಬಿಲ್ಲೆಗಳನ್ನು ಅಗ್ರೋ ದ್ರಾವಣದಲ್ಲಿ ಕೆಲವು ನಿಮಿಷ ಅದ್ದಿ, ಫಿಲ್ಟರ್ ಪೇಪರಿನಲ್ಲಿ ಒರೆಸಿ, ಪೆಟ್ರಿ ಡಿಶ್‌ನಲ್ಲಿ ಎರಡು ಮೂರು ದಿನ ಇಬ್ಬರನ್ನೂ ಒಟ್ಟಿಗೆ ಬಿಡುತ್ತೇವೆ. ಇಲ್ಲಿ ತಾಪಮಾನ ತುಂಬಾ ಮುಖ್ಯ. ಅಗ್ರೋ ಚೆನ್ನಾಗಿ ಬೆಳೆಯುವುದು 28 ಡಿಗ್ರಿಯಲ್ಲಿ, ಆದರೆ ಜೀನ್ ಚೆನ್ನಾಗಿ ದಾಟಿಸುವುದು 20-22 ಡಿಗ್ರಿ ಆಸುಪಾಸಿನಲ್ಲಿ. ಬಿಸಿ ಜಾಸ್ತಿಯಾದರೆ ಆ ನಾಳವೇ ಸರಿಯಾಗಿ ಕಟ್ಟಿಕೊಳ್ಳುವುದಿಲ್ಲ. ಬ್ಯಾಕ್ಟೀರಿಯಾ ದಟ್ಟವಾಗಿ ಬೆಳೆದಿದೆ ಅಂದ ಮಾತ್ರಕ್ಕೆ ಕೆಲಸ ಆಗಿದೆ ಅಂತಲ್ಲ. ಹೊಸಬರಿಗೆ ನಾನು ಮೊದಲು ಹೇಳುವುದು ಇದನ್ನೇ.

ಆಮೇಲೆ ಸೆಫೊಟಾಕ್ಸಿಮ್ ಎಂಬ ಆಂಟಿಬಯೋಟಿಕ್ ಹಾಕಿ ಅಗ್ರೋವನ್ನು ಕೊಲ್ಲುತ್ತೇವೆ. ಅದರ ಪಾತ್ರ ಅಲ್ಲಿಗೆ ಮುಗಿಯಿತು, ನಮ್ಮದು ಶುರು. ಬಿಲ್ಲೆಗಳು ಬೆಳೆಯುವ ಪೋಷಕ ಮಾಧ್ಯಮದಲ್ಲಿ ಕೆನಮೈಸಿನ್ ಎಂಬ ಇನ್ನೊಂದು ಆಂಟಿಬಯೋಟಿಕ್ ಕೂಡ ಇರುತ್ತದೆ. ನಮ್ಮ ಜೀನ್ ಜೊತೆಗೆ ಕೆನಮೈಸಿನ್ ತಡೆಯುವ ಜೀನ್ ಕೂಡ ಕಳಿಸಿರುತ್ತೇವೆ, ಹಾಗಾಗಿ ಜೀನ್ ಪಡೆಯದ ಕೋಶಗಳು ಬಿಳಿಚಿ ಸಾಯುತ್ತವೆ, ಪಡೆದವು ಹಸಿರಾಗಿ ಉಳಿಯುತ್ತವೆ. ಹಾರ್ಮೋನುಗಳ ಅಳತೆ ಸರಿಯಿದ್ದರೆ ಅವುಗಳಿಂದ ಚಿಗುರು ಬರುತ್ತದೆ. ಚಿಗುರು ಕತ್ತರಿಸಿ ಬೇರು ಬರಿಸಬೇಕು. ಬಾಟಲಿಯ ತೇವದಲ್ಲಿ ಬೆಳೆದ ಆ ಎಳೆ ಗಿಡವನ್ನು ನಿಧಾನವಾಗಿ ಹೊರಗಿನ ಗಾಳಿಗೆ ಒಗ್ಗಿಸಬೇಕು.

ತಂಬಾಕಿಗೆ ಇದೆಲ್ಲ ಸಲೀಸು. ಹತ್ತಿಗೆ, ಬೇಳೆಕಾಳಿಗೆ, ಮೆಣಸಿನಕಾಯಿಗೆ ಹಾಗಲ್ಲ. ಜೀನ್ ಹೋಗಿರುತ್ತದೆ, ಚಿಗುರೇ ಬರುವುದಿಲ್ಲ. ಕಾಯಿಕೊರಕ ಹುಳು ತಡೆಯುವ ಬಿಟಿ ಹತ್ತಿಯನ್ನೇ ನೋಡಿ. 2002ರಲ್ಲಿ ಕರ್ನಾಟಕವೂ ಸೇರಿ ಆರು ರಾಜ್ಯಗಳಲ್ಲಿ ಅದಕ್ಕೆ ಒಪ್ಪಿಗೆ ಸಿಕ್ಕಿತು. ಆ ಮೊದಲ ಬಿಟಿ ಜೀನನ್ನು ಅಗ್ರೋ ಮೂಲಕ ಸೇರಿಸಿದ್ದು ಕೋಕರ್ 312 ಎಂಬ ಅಮೆರಿಕದ ಹತ್ತಿಗೆ. ಅದು ಹೊಲದಲ್ಲಿ ಅತ್ಯುತ್ತಮ ತಳಿ ಅಂತ ಆರಿಸಿದ್ದಲ್ಲ, ಬಾಟಲಿಯಲ್ಲಿ ಗಿಡವಾಗಿ ಏಳುವ ಗುಣ ಅದಕ್ಕಿತ್ತು. ಅಲ್ಲಿಂದ ನಮ್ಮ ತಳಿಗಳಿಗೆ ಜೀನ್ ಬಂದಿದ್ದು ಹಳೆಯ ಪದ್ಧತಿಯಲ್ಲೇ, ಪರಾಗಸ್ಪರ್ಶ ಮಾಡಿಸಿ, ತಲೆಮಾರಿನಿಂದ ತಲೆಮಾರಿಗೆ ಮತ್ತೆ ಮತ್ತೆ ಸಂಕರ ಮಾಡಿ. ಜೈವಿಕ ತಂತ್ರಜ್ಞಾನ ಅಂದಾಗ ಜನ ಈ ಅರ್ಧವನ್ನು ಮರೆತುಬಿಡುತ್ತಾರೆ. ಸಂಕರ ಮಾಡುವವರ ದುಡಿಮೆ ಇಲ್ಲದೆ ನಮ್ಮ ಪೆಟ್ರಿ ಡಿಶ್ ಹೊಲಕ್ಕೆ ಹೋಗುವುದಿಲ್ಲ.

ಭತ್ತದ ಕಥೆಯೂ ಹೀಗೇ. ಹುಲ್ಲಿನ ಜಾತಿಯ ಬೆಳೆಗಳಿಗೆ ಅಗ್ರೋ ಗಂಟು ತರುವುದಿಲ್ಲ, ಹಾಗಾಗಿ ಅವುಗಳಲ್ಲಿ ಇದು ಆಗದ ಕೆಲಸ ಎಂದು ತುಂಬಾ ಜನ ನಂಬಿದ್ದರು. 1994ರಲ್ಲಿ ಜಪಾನ್ ಟೊಬ್ಯಾಕೊ ಕಂಪನಿಯ ಸಂಶೋಧಕರು ಭತ್ತದ ಭ್ರೂಣದಿಂದ ಬೆಳೆಸಿದ ಕ್ಯಾಲಸ್ (ಇನ್ನೂ ಬೇರು, ಎಲೆಯ ರೂಪ ಪಡೆಯದ ಕೋಶಗಳ ಮುದ್ದೆ) ಬಳಸಿ, ಅಸಿಟೊಸಿರಿಂಗೋನ್ ಅನ್ನು ತಾವೇ ಬೆರೆಸಿ ಯಶಸ್ವಿಯಾದರು.

ಹಾಗಾದರೆ ಸುರಿದರೆ ಸಾಕು ಎನ್ನುವ ಗಿಡವೇ ಇಲ್ಲವಾ? ಒಂದಿದೆ. ಅರಾಬಿಡಾಪ್ಸಿಸ್ ಎಂಬ ಪುಟ್ಟ ಸಾಸಿವೆ ಜಾತಿಯ ಗಿಡ. ಸಕ್ಕರೆ ಮತ್ತು ಸ್ವಲ್ಪ ಡಿಟರ್ಜೆಂಟ್ ಬೆರೆಸಿದ ಅಗ್ರೋ ದ್ರಾವಣದಲ್ಲಿ ಅದರ ಹೂಗೊಂಚಲು ಅದ್ದಿ ತೆಗೆದರೆ ಮುಗಿಯಿತು. 1998ರಲ್ಲಿ ಕ್ಲಫ್ ಮತ್ತು ಬೆಂಟ್ ಈ ವಿಧಾನವನ್ನು ಪ್ರಕಟಿಸಿದರು. ಇಲ್ಲಿ ಜೀನ್ ಸೇರುವುದು ಹೂವಿನ ಅಂಡಕಕ್ಕೆ, ಹಾಗಾಗಿ ನೇರವಾಗಿ ಬೀಜದಲ್ಲೇ ಬರುತ್ತದೆ. ನೂರು ಬೀಜದಲ್ಲಿ ಒಂದೆರಡಕ್ಕೆ ಸಿಕ್ಕರೂ ಸಾಕು, ಒಂದು ಗಿಡದಲ್ಲಿ ಸಾವಿರಾರು ಬೀಜಗಳಿರುತ್ತವೆ. ಬೆಳೆಗಳಲ್ಲಿ ಇಷ್ಟು ಸುಲಭವಾಗಿ ಇದು ನಡೆಯುವುದಿಲ್ಲ. ಆದರೆ ಅದೇ ಆಸೆಯಿಂದ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು 2000ರಲ್ಲಿ ಶೇಂಗಾದಲ್ಲಿ ಒಂದು ದಾರಿ ತೋರಿಸಿದರು. ಬೀಜದ ಭ್ರೂಣವನ್ನು ಸೂಜಿಯಿಂದ ಚುಚ್ಚಿ, ಅಗ್ರೋ ದ್ರಾವಣದಲ್ಲಿಟ್ಟು, ಆಮೇಲೆ ಮಾಮೂಲಿ ಗಿಡದಂತೆ ಬೆಳೆಸುವುದು. ಮೊದಲ ಗಿಡದಲ್ಲಿ ಕೆಲವು ಕೋಶಗಳಿಗೆ ಮಾತ್ರ ಜೀನ್ ಇರಬಹುದು. ಅದರ ಬೀಜ ಬಿತ್ತಿ ಮುಂದಿನ ಪೀಳಿಗೆಯಲ್ಲಿ ಹುಡುಕಬೇಕು. ಅಂಗಾಂಶ ಕೃಷಿಗೆ ಬಗ್ಗದ ಬೆಳೆಗಳಿಗೆ ಇದು ತುಂಬಾ ಬೆಲೆಯುಳ್ಳ ದಾರಿ ಎಂದು ನಾನು ನಂಬುತ್ತೇನೆ.

ಚಿಗುರು ಬಂತು ಅಂದರೂ ಜೀನ್ ಸೇರಿದೆ ಅಂತ ಒಪ್ಪುವ ಹಾಗಿಲ್ಲ. ಪಿಸಿಆರ್ (ಒಂದು ಡಿಎನ್‌ಎ ತುಂಡು ಇದೆಯೇ ಎಂದು ಹುಡುಕುವ ಪರೀಕ್ಷೆ) ಮಾಡಿದರೆ ಎಲೆಯ ಸಂದಿಯಲ್ಲಿ ಅಡಗಿ ಉಳಿದ ಅಗ್ರೋದಿಂದಲೂ ಅದೇ ಜೀನ್ ಸಿಗುತ್ತದೆ. ಅದಕ್ಕೆ ಜೊತೆಯಲ್ಲಿ ವಿರ್ ಜೀನ್‌ಗೂ ಪಿಸಿಆರ್ ಮಾಡುತ್ತೇವೆ. ವಿರ್ ಜೀನ್ ಗಿಡಕ್ಕೆ ದಾಟುವುದಿಲ್ಲ, ಅದು ಕಂಡರೆ ಬ್ಯಾಕ್ಟೀರಿಯಾ ಇನ್ನೂ ಇದೆ ಎಂದರ್ಥ. ಇನ್ನೊಂದು ಚಂದದ ಉಪಾಯವೂ ಇದೆ. ನೀಲಿ ಬಣ್ಣ ತೋರಿಸುವ ಗಸ್ ಎಂಬ ಗುರುತು ಜೀನ್ ನಡುವೆ ಒಂದು ಇಂಟ್ರಾನ್, ಅಂದರೆ ಪ್ರೋಟೀನ್ ಮಾಡುವ ಮೊದಲು ತೆಗೆದುಹಾಕಬೇಕಾದ ತುಂಡು, ಸೇರಿಸಿಡುವುದು. ಗಿಡದ ಕೋಶ ಆ ಇಂಟ್ರಾನ್ ಕತ್ತರಿಸಿ ತೆಗೆದು ಪ್ರೋಟೀನ್ ಮಾಡಬಲ್ಲದು, ಬ್ಯಾಕ್ಟೀರಿಯಾಕ್ಕೆ ಅದು ಬರುವುದಿಲ್ಲ. ಹಾಗಾಗಿ ನೀಲಿ ಕಂಡರೆ ಅದು ಗಿಡದ್ದೇ. ಮತ್ತೆ, ಜೀನ್ ಎಲ್ಲಿ ಬೇಕಾದರೂ ಸೇರುತ್ತದೆ ಅಂದೆನಲ್ಲ, ಹಾಗಾಗಿ ಒಂದೊಂದು ಚಿಗುರೂ ಬೇರೆ ಬೇರೆ. ಒಂದರಲ್ಲಿ ಗಿಡದ ಸ್ವಂತ ಜೀನ್ ಮುರಿದಿರಬಹುದು, ಇನ್ನೊಂದರಲ್ಲಿ ಹೊಸ ಜೀನ್ ಮೌನವಾಗಿರಬಹುದು. ತುಂಬಾ ಗಿಡ ಬೆಳೆಸಿ, ಅವುಗಳ ಬೀಜ ನೋಡಿ, ಒಂದೆರಡನ್ನು ಉಳಿಸಿಕೊಳ್ಳುವುದು ಇದೇ ಕಾರಣಕ್ಕೆ.

ಕೊನೆಯ ಪ್ರಶ್ನೆಗೆ ಬರುತ್ತೇನೆ. ಮಾರುಕಟ್ಟೆಗೆ ಬರುವ ಕುಲಾಂತರಿ ಬೆಳೆಯಲ್ಲಿ ಆ ಅಗ್ರೋ ಇರುವುದಿಲ್ಲ. ಅದು ಲ್ಯಾಬಿನಲ್ಲೇ ಸತ್ತಿದೆ, ಆಮೇಲೆ ಎಷ್ಟೋ ಪೀಳಿಗೆ ಬೀಜದಿಂದ ಬೀಜಕ್ಕೆ ಕಳೆದಿದೆ. ಮಣ್ಣಿನ ಅಗ್ರೋ ಮಾತ್ರ ಎಲ್ಲ ತರಕಾರಿಯ ಮೇಲೂ ಇರಬಹುದು, ಸಾವಯವದ ಮೇಲೂ. ಆರೋಗ್ಯವಂತರಿಗೆ ಅದರಿಂದ ತೊಂದರೆಯಿಲ್ಲ. ರೋಗನಿರೋಧಕ ಶಕ್ತಿ ತೀರಾ ಕುಗ್ಗಿದ, ಕ್ಯಾತಿಟರ್ ಹಾಕಿಸಿಕೊಂಡ ರೋಗಿಗಳಲ್ಲಿ ಅಪರೂಪಕ್ಕೆ ಸೋಂಕು ಕಂಡಿದೆ.

ಇನ್ನು ಸಿಹಿಗೆಣಸು. ಘೆಂಟ್ ಮತ್ತಿತರ ಕಡೆಯ ಸಂಶೋಧಕರು 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 291 ಕೃಷಿ ಗೆಣಸಿನ ಮಾದರಿಗಳನ್ನು ಪರೀಕ್ಷಿಸಿದರು. ಎಲ್ಲದರಲ್ಲೂ ಅಗ್ರೋಬ್ಯಾಕ್ಟೀರಿಯಂನ ಟಿ-ಡಿಎನ್‌ಎ ಸಿಕ್ಕಿತು. ಮನುಷ್ಯ ಹಾಕಿದ್ದಲ್ಲ, ಯಾವುದೋ ಕಾಲದಲ್ಲಿ ತಾನಾಗಿ ಸೇರಿದ್ದು. ಬೆಳಗಾವಿ ಕಡೆಯ ಹೊಲದಿಂದ ಬಂದು ಸಂಕ್ರಾಂತಿಗೆ ನಾವು ಬೇಯಿಸಿ ತಿನ್ನುವುದೂ ಇದೇ ಗೆಣಸನ್ನು. ಇದನ್ನು ಹಿಡಿದುಕೊಂಡು ಕುಲಾಂತರಿ ಎಲ್ಲವೂ ಸುರಕ್ಷಿತ ಅನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ದಾರಿ ಸಹಜ ಎಂಬುದಷ್ಟೇ ಇದರಿಂದ ಗೊತ್ತಾಗುತ್ತದೆ. ಆ ದಾರಿಯಲ್ಲಿ ಕಳಿಸಿದ ಜೀನ್ ಯಾವುದು, ಅದು ಮಾಡುವ ಪ್ರೋಟೀನ್ ಏನು ಎಂಬುದನ್ನು ಒಂದೊಂದು ಬೆಳೆಗೂ ಬೇರೆಯಾಗಿ ಪರೀಕ್ಷಿಸಲೇಬೇಕು. ಬಿಟಿ ಬದನೆಗೆ ನಮ್ಮಲ್ಲಿ 2010ರಲ್ಲಿ ತಡೆ ಬಿತ್ತು, ಬಾಂಗ್ಲಾದೇಶ 2013ರಲ್ಲಿ ಒಪ್ಪಿಗೆ ಕೊಟ್ಟಿತು. ಅಲ್ಲಿ ವಾದ ನಡೆದಿದ್ದು ಬ್ಯಾಕ್ಟೀರಿಯಾದ ಬಗ್ಗೆ ಅಲ್ಲ, ಒಳಗಿನ ಜೀನ್ ಮತ್ತು ಪರೀಕ್ಷೆಗಳ ಬಗ್ಗೆ.

ಈಗ ಅಗ್ರೋಗೆ ಹೊಸ ಕೆಲಸವೂ ಬಂದಿದೆ. ಕ್ರಿಸ್ಪರ್‌ನಿಂದ ಗಿಡದ ಸ್ವಂತ ಜೀನನ್ನೇ ತಿದ್ದುವಾಗ, ತಿದ್ದುವ ಉಪಕರಣವನ್ನು ಕೋಶದೊಳಗೆ ಸಾಗಿಸಲು ಹೆಚ್ಚಾಗಿ ಬಳಸುವುದು ಇದನ್ನೇ. ತಿದ್ದುಪಡಿ ಆದ ಮೇಲೆ ಮುಂದಿನ ಪೀಳಿಗೆಯ ಸಸಿಗಳಲ್ಲಿ ಹುಡುಕಿ, ತಿದ್ದುಪಡಿ ಇರುವ, ಆದರೆ ಟಿ-ಡಿಎನ್‌ಎ ಬಾರದೆ ಇರುವ ಸಸಿಗಳನ್ನಷ್ಟೇ ಇಟ್ಟುಕೊಳ್ಳುತ್ತಾರೆ. ಹೊರಗಿನ ಡಿಎನ್‌ಎ ಉಳಿಯದ ಇಂಥ ಗಿಡಗಳಿಗೆ ಭಾರತ ಸರ್ಕಾರ 2022ರ ಮಾರ್ಚ್‌ನಲ್ಲಿ ಕುಲಾಂತರಿ ನಿಯಮಗಳಿಂದ ವಿನಾಯಿತಿ ಕೊಟ್ಟಿತು. 2025ರ ಮೇ ತಿಂಗಳಲ್ಲಿ ಹೀಗೆ ಜೀನ್ ತಿದ್ದಿದ ಎರಡು ಭತ್ತದ ತಳಿಗಳನ್ನು ಪ್ರಕಟಿಸಲಾಯಿತು. ನಿಮ್ಮ ಮೂರನೇ ಪ್ರಶ್ನೆಯನ್ನು ಇಂಥ ಬೆಳೆಗಳ ಬಗ್ಗೆ ಕೇಳಿದರೆ, ಅಲ್ಲಿ ಬ್ಯಾಕ್ಟೀರಿಯಾ ಮಾತ್ರವಲ್ಲ, ಅದು ತಂದ ಡಿಎನ್‌ಎ ಕೂಡ ಉಳಿದಿರುವುದಿಲ್ಲ.